ಗೇರುಬೀಜದ ಚೀಲ ಎಲ್ಲಿಂದ ಬಂತು? ಆಫ್ರಿಕಾ ಕುರಿತು ಓದುಗರ ಪ್ರಶ್ನೆಗಳು

ಆಫ್ರಿಕಾದ ಲೂಟಿ ಮತ್ತು ಕಪ್ಪು ಜನರ ವಿಮೋಚನೆ ಕುರಿತು ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಪ್ರಶ್ನೆಗಳು ಬಂದಿವೆ. ಆಯ್ದ ಕೆಲವಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ (ಕುಮಟಾ): ನಮ್ಮ ಕಡೆಯ ಗೇರುಬೀಜ ಕಾರ್ಖಾನೆಗಳಿಗೆ ಆಫ್ರಿಕಾದ ಮಾಲು ಬರುತ್ತದೆ. ಬೆಳೆದವರೇ ಒಡೆದು, ಸುಲಿದು ತಿರುಳು ಮಾರಬಾರದೇ? ಅವರಿಗೆ ಆ ಕೆಲಸ ಗೊತ್ತಿಲ್ಲವೇ?

ಉತ್ತರ: ಚೆನ್ನಾಗಿಯೇ ಗೊತ್ತಿತ್ತು. 1970ರ ದಶಕದ ಆರಂಭದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುತ್ತಿದ್ದ ದೇಶ ಮೊಜಾಂಬಿಕ್. ವರ್ಷದ ಬೆಳೆ 2 ಲಕ್ಷ ಟನ್ ದಾಟಿತ್ತು. ಅಲ್ಲೇ ದೊಡ್ಡ ಕಾರ್ಖಾನೆಗಳೂ ಇದ್ದವು. 1975ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಪಡೆದ ಮೇಲೆ ಸರ್ಕಾರ ಕಚ್ಚಾ ಬೀಜದ ರಫ್ತಿಗೆ ತಡೆ ಹಾಕಿತು. ಆಮೇಲೆ ಅಂತರ್ಯುದ್ಧ ಬಂತು, ಅದರ ಹಿಂದೆ ಸಾಲವೂ ಬಂತು. ಸಾಲದ ಜೊತೆಗೆ ವಿಶ್ವಬ್ಯಾಂಕಿನ ಷರತ್ತು: ಹಳೆಯ ತಡೆಯ ಜಾಗದಲ್ಲಿ ಬಂದಿದ್ದ ಕಚ್ಚಾ ಬೀಜದ ರಫ್ತು ಸುಂಕ ಇಳಿಸಿ. 1995ರಲ್ಲಿ ಶೇ. 20 ಇದ್ದದ್ದನ್ನು ಶೇ. 14ಕ್ಕೆ ತಂದು, ಮುಂದೆ ಪೂರ್ತಿ ತೆಗೆಯುವ ಯೋಜನೆ ಹಾಕಲಾಯಿತು. ಸುಂಕ ಇಳಿದರೆ ರೈತನ ಕೈಗೆ ಹೆಚ್ಚು ದುಡ್ಡು ಸೇರುತ್ತದೆ ಎಂಬುದು ಅವರ ಲೆಕ್ಕ.

ಲೆಕ್ಕ ತಪ್ಪಿದ್ದು ಎಲ್ಲಿ? ರೈತನಿಗೂ ಹಡಗಿಗೂ ನಡುವೆ ಹಳ್ಳಿಯ ವ್ಯಾಪಾರಿ, ಪೇಟೆಯ ಸಗಟುದಾರ, ರಫ್ತುದಾರ ಇದ್ದಾರೆ. ಬೆಲೆ ಏರಿದ್ದರಲ್ಲಿ ಹೆಚ್ಚಿನದು ಅಲ್ಲೇ ಇಂಗಿತು. 2002ರಲ್ಲಿ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಗೇರು ಬೆಳೆಯುವ ಒಂದು ಕುಟುಂಬಕ್ಕೆ ಸಿಕ್ಕ ಲಾಭ ವರ್ಷಕ್ಕೆ ಸುಮಾರು 5.30 ಡಾಲರ್. ಅತ್ತ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಸುಮಾರು 10,000 ಕಾರ್ಮಿಕರಲ್ಲಿ ಬಹುಪಾಲು ಜನ ಕೆಲಸ ಕಳೆದುಕೊಂಡರು. ಕಚ್ಚಾ ಬೀಜ ಕೊಳ್ಳುವವರು ಹೆಚ್ಚುಕಡಿಮೆ ಭಾರತದವರೇ ಆಗಿದ್ದರಿಂದ ಬೆಲೆ ಕಟ್ಟುವ ಬಲವೂ ಇತ್ತಲೇ ಉಳಿಯಿತು. ಷರತ್ತು ವಾಷಿಂಗ್ಟನ್ನಿನ ವಿಶ್ವಬ್ಯಾಂಕಿನದು, ಲಾಭದ ಒಂದು ಪಾಲು ನಮ್ಮ ಪಶ್ಚಿಮ ಕರಾವಳಿಯದು. ಇದನ್ನು ಹೇಳದೆ ಪಶ್ಚಿಮವನ್ನಷ್ಟೇ ಬೈದರೆ ಉತ್ತರ ಅರ್ಧವಾದೀತು.

ಕಾರ್ಖಾನೆಯ ಒಳಗಿನ ಲೆಕ್ಕವೂ ಬೇಕು. ವ್ಯಾಪಾರ ನಡೆಯುವುದು ಔಟ್‌ಟರ್ನ್ ಮೇಲೆ, ಅಂದರೆ 80 ಕಿಲೋ ಕಚ್ಚಾ ಬೀಜದಿಂದ ಎಷ್ಟು ಪೌಂಡ್ ಒಳ್ಳೆಯ ತಿರುಳು ಸಿಗುತ್ತದೆ ಎಂಬುದರ ಮೇಲೆ. 48 ಪೌಂಡ್ ಎಂದರೆ 22 ಕಿಲೋಗೆ ಸ್ವಲ್ಪ ಕಡಿಮೆ. ಬೀಜದ ತೇವ ಶೇ. 10ಕ್ಕಿಂತ ಮೇಲಿದ್ದರೆ ಹಡಗಿನ ಹೊಟ್ಟೆಯಲ್ಲಿ ಬೂಸಲು ಹಿಡಿದು ಔಟ್‌ಟರ್ನ್ ಕುಸಿಯುತ್ತದೆ. ಆಗ ಬೆಲೆ ಕಡಿತದ ಪೆಟ್ಟು ಸರಪಳಿಯ ಕೆಳತುದಿಗೆ, ಒಣಗಿಸಲು ಅಂಗಳವಿಲ್ಲದ ಬೆಳೆಗಾರನಿಗೇ ಬೀಳುತ್ತದೆ. ಮುಂದೆ ಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಒಡೆದು, ತಿರುಳನ್ನು ಒಲೆಯಲ್ಲಿ ಒಣಗಿಸಿ, ಕೆಂಪು ಸಿಪ್ಪೆ ಸುಲಿದು, ದರ್ಜೆ ಮಾಡಬೇಕು. ಡಬ್ಲ್ಯು 320 ಎಂದರೆ ಪೌಂಡಿಗೆ 300ರಿಂದ 320 ಇಡೀ ತಿರುಳು. ತುಂಡಾದರೆ ದರ ಬಿದ್ದಂತೆಯೇ. ಮೊಜಾಂಬಿಕ್‌ನ ಯಂತ್ರಗಳು ಹೆಚ್ಚು ತುಂಡು ಮಾಡುತ್ತಿದ್ದವು. ನಮ್ಮಲ್ಲಿ ಚಿಪ್ಪಿನ ಎಣ್ಣೆಗೆ ಬೆರಳ ಚರ್ಮ ಸುಡಿಸಿಕೊಂಡು ಹೆಂಗಸರು ಕಡಿಮೆ ಕೂಲಿಗೆ ಇಡಿಯಾಗಿ ತೆಗೆದುಕೊಡುತ್ತಿದ್ದರು. ಅಲ್ಲಿಯ ಕಾರ್ಖಾನೆಗಳು ಸುಧಾರಿಸಬೇಕಿತ್ತು, ನಿಜ. ಸುಧಾರಿಸಲು ಸಮಯ ಕೊಡದೆ ಸುಂಕ ಇಳಿಸಿದ್ದೇ ಏಟು.

1999ರಲ್ಲಿ ಮೊಜಾಂಬಿಕ್ ಸಂಸತ್ತು ಸುಂಕವನ್ನು ಶೇ. 18–22ಕ್ಕೆ ಏರಿಸಿತು. ಆಮೇಲೆ ನಂಪುಲಾ ಪ್ರಾಂತ್ಯದಲ್ಲಿ ಕೈಯಿಂದ ಒಡೆಯುವ ಸಣ್ಣ ಕಾರ್ಖಾನೆಗಳು ಎದ್ದವು.

ಪ್ರಶ್ನೆ (ಕಾರವಾರ): ಗೋವೆಯ ವಿಮೋಚನೆಗೂ ಆಫ್ರಿಕಾದ ಹೋರಾಟಕ್ಕೂ ನಂಟಿತ್ತೇ, ಅಥವಾ ಬರೀ ಕಾಲದ ಕಾಕತಾಳೀಯವೇ?

ಉತ್ತರ: ನಂಟಿತ್ತು. ಪೋರ್ಚುಗೀಸ್ ವಸಾಹತುಗಳ ಹೋರಾಟಗಾರರು 1961ರ ಏಪ್ರಿಲ್‌ನಲ್ಲಿ ಮೊರಾಕ್ಕೋದ ಕಾಸಾಬ್ಲಾಂಕಾದಲ್ಲಿ ಕಟ್ಟಿದ ಒಕ್ಕೂಟದಲ್ಲಿ ಅಂಗೋಲಾ, ಮೊಜಾಂಬಿಕ್, ಗಿನಿ-ಬಿಸ್ಸಾವಿನವರ ಜೊತೆ ಗೋವೆಯವರೂ ಇದ್ದರು. ಅದೇ ಅಕ್ಟೋಬರ್‌ನಲ್ಲಿ ಪೋರ್ಚುಗೀಸ್ ವಸಾಹತುಶಾಹಿಯ ಬಗ್ಗೆ ದಿಲ್ಲಿಯಲ್ಲಿ ನಡೆದ ವಿಚಾರಗೋಷ್ಠಿಗೆ ಆಫ್ರಿಕಾದ ನಾಯಕರು ಬಂದಿದ್ದರು. ನವೆಂಬರ್‌ನಲ್ಲಿ ನಿಮ್ಮೂರ ಎದುರಿನ ಅಂಜದೀವ ದ್ವೀಪದಿಂದ ಪೋರ್ಚುಗೀಸರು ಭಾರತದ ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿಸಿದರು. ಡಿಸೆಂಬರ್ 18ರಂದು ದ್ವೀಪ ಹಿಡಿಯುವಾಗ ನಮ್ಮ ನೌಕಾಪಡೆಯ 7 ಮಂದಿ ಸತ್ತರು.

ಗೋವೆ ಎರಡು ದಿನದಲ್ಲಿ ಮುಗಿಯಿತು, ಆಫ್ರಿಕಾದಲ್ಲಿ 13 ವರ್ಷ ಹಿಡಿಯಿತು. ಕಾರಣ ಸರಳ: ಅಲ್ಲಿ ಬಿಟ್ಟುಕೊಡಲು ಬಹಳ ಇತ್ತು. ಉದಾಹರಣೆಗೆ, ಮೊಜಾಂಬಿಕ್‌ನ ಗಂಡಸರನ್ನು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಕಳಿಸಲಾಗುತ್ತಿತ್ತು. ಅವರ ಕೂಲಿಯ ಒಂದು ಪಾಲನ್ನು ತಡೆಹಿಡಿದು, ಅಷ್ಟು ಮೌಲ್ಯದ ಚಿನ್ನವನ್ನು ಗಣಿಯವರು ಅಗ್ಗದ ಅಧಿಕೃತ ದರದಲ್ಲಿ ಪೋರ್ಚುಗಲ್‌ಗೆ ಕೊಡುತ್ತಿದ್ದರು. ಕಾರ್ಮಿಕ ಊರಿಗೆ ಮರಳಿದಾಗ ಅವನಿಗೆ ಪೋರ್ಚುಗೀಸ್ ಹಣವಾದ ಎಸ್ಕುಡೊ ನೋಟು. ಚಿನ್ನ ಪೇಟೆ ದರದಲ್ಲಿ ಮಾರಿ ಬಂದ ಲಾಭ ಲಿಸ್ಬನ್‌ಗೆ. ಪೋರ್ಚುಗಲ್ ನೇಟೋ ಸದಸ್ಯ ದೇಶ, ಅದರ ಅಜೋರ್ಸ್ ದ್ವೀಪಗಳಲ್ಲಿ ಅಮೆರಿಕದ ವಿಮಾನನೆಲೆ ಇತ್ತು. 1961ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಪೋರ್ಚುಗಲ್ ವಿರುದ್ಧ ಮತ ಹಾಕಿದ್ದ ಅಮೆರಿಕ, ನೆಲೆಯ ಗುತ್ತಿಗೆ ಮುಗಿಯುವ ಹೊತ್ತಿಗೆ ಮೆತ್ತಗಾಯಿತು. ಕಡೆಗೆ ಆ ಯುದ್ಧಗಳಿಂದ ಬೇಸತ್ತ ಪೋರ್ಚುಗೀಸ್ ಸೇನಾಧಿಕಾರಿಗಳೇ 1974ರ ಏಪ್ರಿಲ್ 25ರಂದು ತಮ್ಮ ದೇಶದ ಸರ್ವಾಧಿಕಾರವನ್ನು ಕೆಡವಿದರು.

ಪ್ರಶ್ನೆ (ಶಿರಸಿ): ಅಮೆರಿಕದ ಕಪ್ಪು ಜನರ ಹೋರಾಟ ಅವರ ದೇಶದ ಒಳಗಿನ ವಿಷಯವಲ್ಲವೇ? ಆಫ್ರಿಕಾದ ಹೆಸರು ಭಾವನೆಗಷ್ಟೇ ಅಲ್ಲವೇ?

ಉತ್ತರ: ಭಾವನೆ ಇತ್ತು, ಆದರೆ ಹೋರಾಟ ನಡೆದದ್ದು ಮಾಲಿನ ಜಾಡು ಹಿಡಿದು. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನ ಓಡಾಟದ ಪರವಾನಗಿಯಾಗಿ ಸದಾ ಇಟ್ಟುಕೊಳ್ಳಬೇಕಿದ್ದ ಪಾಸ್ ಪುಸ್ತಕದ ಫೋಟೋಗಳಿಗೆ ಅಮೆರಿಕದ ಪೋಲರಾಯ್ಡ್ ಕಂಪನಿಯ ಫಿಲ್ಮ್ ಬಳಕೆಯಾಗುತ್ತಿದೆ ಎಂದು 1970ರಲ್ಲಿ ಪತ್ತೆ ಹಚ್ಚಿದವರು ಆ ಕಂಪನಿಯದೇ ಕಪ್ಪು ನೌಕರರಾದ ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್. ಅವರು ಶುರು ಮಾಡಿದ ಬಹಿಷ್ಕಾರದ ಫಲವಾಗಿ ಕಂಪನಿ 1977ರಲ್ಲಿ ಅಲ್ಲಿಂದ ಹೊರಬಂತು. ಅಂಗೋಲಾದ ಕಬಿಂಡಾದಲ್ಲಿ ತೈಲ ತೆಗೆದು ಪೋರ್ಚುಗಲ್‌ಗೆ ತೆರಿಗೆ ಕಟ್ಟುತ್ತಿದ್ದ ಅಮೆರಿಕದ ಗಲ್ಫ್ ಆಯಿಲ್ ಕಂಪನಿಯ ವಿರುದ್ಧವೂ ಕಪ್ಪು ಸಂಘಟನೆಗಳು ಬಹಿಷ್ಕಾರ ಹೂಡಿದವು. 1972ರಲ್ಲಿ ಬಿಳಿಯರ ಆಳ್ವಿಕೆಯಲ್ಲಿದ್ದ ರೊಡೇಶಿಯಾದ (ಈಗಿನ ಜಿಂಬಾಬ್ವೆ) ಕ್ರೋಮ್ ಅದಿರು ಹೊತ್ತ ಹಡಗು ಲೂಸಿಯಾನಾದ ಬರ್ನ್‌ಸೈಡ್ ಬಂದರಿಗೆ ಬಂದಾಗ ಕಪ್ಪು ವಿದ್ಯಾರ್ಥಿಗಳೂ ಬಂದರು ಕಾರ್ಮಿಕರೂ ಅಡ್ಡ ನಿಂತರು. ಬೇಲೇಕೇರಿಯಲ್ಲಿ ಅದಿರಿನ ರಾಶಿ ಕಂಡವರಿಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ: ಅದಿರು ನೆಲದಿಂದ ಎದ್ದ ಮೇಲೂ ಅದನ್ನು ತಡೆಯಬಹುದಾದ ಜಾಗ ಒಂದಿದೆ, ಅದು ಬಂದರು.

ಗಿನಿ-ಬಿಸ್ಸಾವಿನ ನಾಯಕ ಅಮಿಲ್ಕಾರ್ ಕಬ್ರಾಲ್ 1972ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಪ್ಪು ಸಂಘಟನೆಗಳ ಜೊತೆ ಕೂತು ಎರಡು ಹೋರಾಟಗಳ ಸಂಬಂಧವನ್ನೇ ಚರ್ಚಿಸಿದ್ದರು. ಕೃಷಿ ವಿಜ್ಞಾನಿಯಾಗಿದ್ದ ಅವರು 1953ರಲ್ಲಿ ವಸಾಹತು ಸರ್ಕಾರಕ್ಕಾಗಿ ಗಿನಿ-ಬಿಸ್ಸಾವಿನ ಕೃಷಿ ಗಣತಿ ಮಾಡುತ್ತ ಊರೂರು ಸುತ್ತಿದವರು. ಮುಂದೆ ಚಳವಳಿ ಕಟ್ಟುವಾಗ ಆ ತಿಳಿವಳಿಕೆ ಕೈಹಿಡಿಯಿತು. 1973ರ ಜನವರಿ 20ರಂದು ನೆರೆಯ ಗಿನಿ ದೇಶದ ಕೊನಾಕ್ರಿಯಲ್ಲಿ ಅವರ ಕೊಲೆಯಾಯಿತು.

ಪ್ರಶ್ನೆ (ಅಂಕೋಲಾ): ಬರ್ಲಿನ್ ಸಮ್ಮೇಳನದಲ್ಲಿ ಸ್ಕೇಲು ಇಟ್ಟು ಆಫ್ರಿಕಾವನ್ನು ಹಂಚಿಕೊಂಡರು ಎಂದು ಮಕ್ಕಳಿಗೆ ಹೇಳುತ್ತೇವೆ. ಸರಿಯೇ?

ಉತ್ತರ: ಪೂರ್ತಿ ಸರಿಯಲ್ಲ. 1884–85ರ ಯುರೋಪಿನ ಶಕ್ತಿಗಳ ಆ ಸಭೆ ರೂಪಿಸಿದ್ದು ಮುಖ್ಯವಾಗಿ ವ್ಯಾಪಾರದ, ನೆಲ ಹಿಡಿಯುವ ನಿಯಮಗಳನ್ನು. ಗಡಿಗೆರೆಗಳು ಹೆಚ್ಚಾಗಿ ನಂತರದ ಒಪ್ಪಂದಗಳಲ್ಲಿ ಬಿದ್ದವು. ಒಬ್ಬ ಆಫ್ರಿಕನ್ನನನ್ನೂ ಕರೆದಿರಲಿಲ್ಲ ಎಂಬುದನ್ನು ಮಾತ್ರ ಬಿಡಬೇಡಿ.

ಪ್ರಶ್ನೆ (ಯಲ್ಲಾಪುರ): ನಮ್ಮ ಸಿದ್ದಿಗಳನ್ನೂ ಈ ಚರಿತ್ರೆಯಲ್ಲಿ ಸೇರಿಸಬಹುದೇ?

ಉತ್ತರ: ಸೇರಿಸಲೇಬೇಕು. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ಗುಲಾಮರನ್ನು ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇವರಲ್ಲಿ ದೊಡ್ಡ ಪಾಲು. ಎಲ್ಲರೂ ಹಾಗೆಯೇ ಬಂದವರಲ್ಲ, ದಖ್ಖನಿನ ಸುಲ್ತಾನರ ಸೈನ್ಯದ ದಾರಿಯೂ ಒಂದಿತ್ತು. ಪೋರ್ಚುಗಲ್ 1869ರಲ್ಲಿ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡಿತಾದರೂ ಬಿಡುಗಡೆಯಾದವರು 1878ರವರೆಗೆ ಹಳೆಯ ಧಣಿಗಳಿಗೇ ದುಡಿಯಬೇಕು ಎಂಬ ಬಾಲ ಅದಕ್ಕಿತ್ತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದಕ್ಕೂ ಮೊದಲು, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ‘ಆಫ್ರಿಕಾದ ಮೈಕಟ್ಟು’ ನೋಡಿ ಸಿದ್ದಿ ಮಕ್ಕಳನ್ನು ತರಬೇತಿಗೆ ಆರಿಸಿತ್ತು. 1993ಕ್ಕೆ ಯೋಜನೆ ನಿಂತುಹೋಯಿತು. ಮೈಕಟ್ಟು ಬೇಗ ಕಂಡಿತು, ಜಮೀನಿನ ಹಕ್ಕು ಕಾಣಲಿಲ್ಲ.

ಪ್ರಶ್ನೆ (ಹೊನ್ನಾವರ): ಸ್ವಾತಂತ್ರ್ಯ ಸಿಕ್ಕಿ 60 ವರ್ಷದ ಮೇಲಾಯಿತು. ಇನ್ನೂ ಪಶ್ಚಿಮದವರನ್ನೇ ದೂರುವುದೇಕೆ?

ಉತ್ತರ: ಸ್ಥಳೀಯ ಆಳುವವರ ಪಾಲು ದೊಡ್ಡದೇ, ಅದನ್ನು ಮುಚ್ಚಿಡುವುದು ಬೇಡ. ಆದರೆ ಗಿನಿ-ಬಿಸ್ಸಾವನ್ನು ನೋಡಿ. ಆ ದೇಶದ ರಫ್ತಿನಲ್ಲಿ ಬಹುಪಾಲು ಕಚ್ಚಾ ಗೇರುಬೀಜ. 1997ರಿಂದ ಅದರ ನಾಣ್ಯ ನೆರೆಯ ಹಲವು ದೇಶಗಳೂ ಬಳಸುವ ಸಿಎಫ್‌ಎ ಫ್ರಾಂಕ್. ಒಂದು ಯೂರೋಗೆ 655.957 ಎಂದು ಕಟ್ಟಿಹಾಕಿದ ದರ. ಯೂರೋ ಏರಿದಾಗ ಇದೂ ಏರುತ್ತದೆ, ಡಾಲರಿನಲ್ಲಿ ಮಾರಿದ ಬೀಜಕ್ಕೆ ಕೈಗೆ ಬರುವ ಫ್ರಾಂಕ್ ಕಡಿಮೆಯಾಗುತ್ತದೆ, ದರ ಬದಲಿಸುವ ಅಧಿಕಾರ ಅವರೊಬ್ಬರ ಕೈಯಲ್ಲಿಲ್ಲ. ಈ ನಾಣ್ಯ ಬಳಸುವ ಪಶ್ಚಿಮ ಆಫ್ರಿಕಾದ ದೇಶಗಳು ತಮ್ಮ ವಿದೇಶಿ ಮೀಸಲಿನ ಅರ್ಧವನ್ನು ಫ್ರಾನ್ಸಿನ ಖಜಾನೆಯಲ್ಲಿ ಇಡಬೇಕೆಂಬ ಕಟ್ಟಳೆ ತೆಗೆಯಲು ಒಪ್ಪಂದವಾದದ್ದು 2019ರ ಕೊನೆಯಲ್ಲಷ್ಟೇ. ಅದೇ ನಾಣ್ಯದ ಬೆನಿನ್ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನೇ ನಿಲ್ಲಿಸಿತು. ಕುಮಟಾದ ಓದುಗರ ಪ್ರಶ್ನೆ ಅಲ್ಲಿಯ ಸರ್ಕಾರಕ್ಕೂ ಬಂದಿತ್ತು ಎನ್ನಿ. ಕಳ್ಳಸಾಗಣೆಯಲ್ಲಿ ನೆರೆದೇಶಗಳಿಗೆ ಜಾರದಂತೆ ಮಾಲನ್ನು ತಡೆಯುವುದು, ಕೊಯ್ಲಿನ ಕೆಲವೇ ತಿಂಗಳಲ್ಲಿ ವರ್ಷಕ್ಕೆ ಬೇಕಾಗುವಷ್ಟು ಬೀಜ ಕೊಂಡಿಡಲು ಕಾರ್ಖಾನೆಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡಿಸುವುದು, ಇವೆರಡೂ ಆಗದಿದ್ದರೆ ನಿಷೇಧದ ಹೊರೆ ಮತ್ತೆ ಬೆಳೆಗಾರನ ಹೆಗಲಿಗೇ ಬೀಳುತ್ತದೆ.