ಬುದ್ಧಿ ಹೇಳುವುದು ಬಿಡಿ, ಹುಡುಗ ಮಾತಾಡಲಿ

ಪ್ರಶ್ನೆ: ಕಷ್ಟದಲ್ಲಿರುವ ಕುಟುಂಬಗಳ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿ ನಾನು. 16 ವರ್ಷದ ಹುಡುಗನೊಬ್ಬ ಶಾಲೆ ತಪ್ಪಿಸುತ್ತಾನೆ, ಗಾಂಜಾ ಸೇದುತ್ತಾನೆ. ಏನು ಹೇಳಿದರೂ ‘ಹೂಂ’ ಅನ್ನುತ್ತಾನೆ, ಇಲ್ಲವೇ ಜಗಳಕ್ಕೆ ಬರುತ್ತಾನೆ. ‘ನೀವಾದರೂ ಬುದ್ಧಿ ಹೇಳಿ’ ಎಂದು ತಾಯಿ ಅಳುತ್ತಾರೆ. ಬದಲಾಗುವ ಮನಸ್ಸನ್ನು ಆ ವ್ಯಕ್ತಿಯ ಮಾತಿನಿಂದಲೇ ಹೊರತರುವ ಸಂವಾದದ ವಿಧಾನ, ಮೋಟಿವೇಷನಲ್ ಇಂಟರ್‌ವ್ಯೂಯಿಂಗ್, ಇಲ್ಲಿ ಕೆಲಸಕ್ಕೆ ಬರುತ್ತದೆಯೇ?

ಉತ್ತರ: ಬರುತ್ತದೆ. ಆದರೆ ತಾಯಿ ಬೇಡುತ್ತಿರುವ ಆ ಬುದ್ಧಿಮಾತನ್ನು ನೀವು ಮೊದಲು ಪಕ್ಕಕ್ಕಿಡಬೇಕು. ಕಷ್ಟ, ನನಗೆ ಗೊತ್ತು. ಮಗುವೊಂದು ಕಣ್ಣೆದುರೇ ಹಾಳಾಗುತ್ತಿದ್ದರೆ ಯಾರ ಬಾಯಿಯೂ ಸುಮ್ಮನಿರುವುದಿಲ್ಲ.

ಆ ಹುಡುಗನೊಳಗೆ ಎರಡು ದನಿಗಳಿವೆ. ‘ಬಿಡಬೇಕು’ ಅನ್ನುವುದು ಒಂದು, ‘ಬಿಟ್ಟರೆ ಗೆಳೆಯರೇ ಇರಲ್ಲ’ ಅನ್ನುವುದು ಇನ್ನೊಂದು. ನೀವು ಮೊದಲನೆಯದರ ಪರ ವಕಾಲತ್ತು ವಹಿಸಿದ ಕೂಡಲೇ ಅವನ ಪಾಲಿಗೆ ಉಳಿಯುವುದು ಎರಡನೆಯದು ಮಾತ್ರ. ಅದನ್ನೇ ವಾದಿಸುತ್ತಾನೆ, ವಾದಿಸುತ್ತ ವಾದಿಸುತ್ತ ಅದನ್ನೇ ನಂಬುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಈ ವಿಧಾನದ ಬಗ್ಗೆ 1983ರಲ್ಲಿ ಮೊದಲ ಲೇಖನ ಬರೆದದ್ದು ಕುಡಿತದ ಸಮಸ್ಯೆ ಇದ್ದವರನ್ನು ಕುರಿತು. ಅಲ್ಲಿಯೂ ಇದೇ ತಿರುಳು: ಬದಲಾಗಲು ಕಾರಣ ಬರಬೇಕಾದದ್ದು ಬದಲಾಗಬೇಕಾದವರ ಬಾಯಿಂದ.

ಮುಂದಿನ ಭೇಟಿಯಲ್ಲಿ ಶಾಲೆಯ ಸುದ್ದಿ ಎತ್ತಬೇಡಿ. ‘ಸೇದಿದಾಗ ನಿನಗೆ ಹಿತ ಅನ್ನಿಸೋದು ಏನು?’ ಎಂದು ಕೇಳಿ. ‘ತಲೆ ಸುಮ್ಮನಾಗುತ್ತೆ’ ಅಂದಾನು. ಆಗ ಇನ್ನೊಂದು ಪ್ರಶ್ನೆ ಹಾಕಬೇಡಿ. ‘ಉಳಿದ ಹೊತ್ತೆಲ್ಲ ತಲೆಯೊಳಗೆ ಗದ್ದಲ’ ಎಂದು ಅವನ ಮಾತನ್ನೇ ಒಂದು ಹೆಜ್ಜೆ ಮುಂದಕ್ಕೆ ಒಯ್ದು, ಸುಮ್ಮನೆ ಕಾಯಿರಿ. ವಾಕ್ಯದ ಕೊನೆಗೆ ನಿಮ್ಮ ದನಿ ಏರದಿರಲಿ. ಏರಿದರೆ ಅದೂ ವಿಚಾರಣೆಯಂತೆ ಕೇಳಿಸುತ್ತದೆ. ‘ಹೂಂ, ಮನೇಲಿ ದಿನಾ ಜಗಳ. ಆದ್ರೆ ಬೆಳಿಗ್ಗೆ ಏಳೋಕೇ ಆಗಲ್ಲ, ಫುಟ್‌ಬಾಲೂ ನಿಂತೋಯ್ತು’ ಎಂದು ಅವನು ಅಂದರೆ, ಆ ‘ಆದ್ರೆ’ಯ ಮುಂದಿನ ಮಾತನ್ನು ಕೈಬಿಡಬೇಡಿ. ‘ಫುಟ್‌ಬಾಲ್ ಆಡ್ತಿದ್ದ ದಿನಗಳು ಹೇಗಿದ್ದವು, ಹೇಳು.’

ಇನ್ನೊಂದು ಪ್ರಶ್ನೆ ನನಗೆ ತುಂಬ ಇಷ್ಟ. ‘ಸೇದೋದು ಕಡಿಮೆ ಮಾಡೋದು ನಿನಗೆ ಎಷ್ಟು ಮುಖ್ಯ, 10ಕ್ಕೆ ಎಷ್ಟು ಕೊಡ್ತೀಯ?’ ಅವನು 3 ಅಂದರೆ ‘ಯಾಕೆ 7 ಅಲ್ಲ?’ ಅನ್ನಬೇಡಿ, ಬಿಡದಿರಲು ಕಾರಣ ಹುಡುಕುತ್ತಾನೆ. ‘ಸೊನ್ನೆ ಅನ್ನದೆ 3 ಅಂದೆಯಲ್ಲ, ಯಾಕೆ?’ ಎಂದು ಕೇಳಿದರೆ ಬಿಡಲು ಕಾರಣ ಹೇಳುತ್ತಾನೆ.

ಗಾಂಜಾದ ಅಪಾಯ ತಿಳಿಸಲೇಬೇಕಾದರೆ ಅವನಿಗೇನು ಗೊತ್ತಿದೆ ಎಂದು ಮೊದಲು ಕೇಳಿ, ಅನುಮತಿ ಪಡೆದು ಎರಡು ಮಾತು ಹೇಳಿ, ‘ನಿನಗೇನನ್ನಿಸುತ್ತೆ?’ ಎಂದು ನಿಲ್ಲಿಸಿ. ಬರಿದೇ ಹೊಗಳಬೇಡಿ, ಈ ವಯಸ್ಸಿನವರು ಸುಳ್ಳು ಹೊಗಳಿಕೆಯನ್ನು ಕ್ಷಣದಲ್ಲಿ ಹಿಡಿಯುತ್ತಾರೆ. ‘ಇಷ್ಟವಿಲ್ಲದಿದ್ದರೂ ಇವತ್ತು ಬಂದೆ’ ಎಂದು ನಡೆದದ್ದನ್ನೇ ಹೇಳಿ.

ಒಂದು ಎಚ್ಚರಿಕೆ. ಸಾಯುವ ಮಾತು ಬಂದರೆ, ಮನೆಯಲ್ಲಿ ಹೊಡೆತವೋ ಲೈಂಗಿಕ ದೌರ್ಜನ್ಯವೋ ಇದೆ ಅನ್ನಿಸಿದರೆ, ಈ ಸಂವಾದದ ತಾಳ್ಮೆ ಅಲ್ಲಿ ಸಲ್ಲದು. ಮೊದಲು ಅವನ ಸುರಕ್ಷತೆ. ಯಾವುದನ್ನು ನಿಮ್ಮಲ್ಲೇ ಇಟ್ಟುಕೊಳ್ಳಲಾಗದು ಎಂಬುದನ್ನು ಮೊದಲ ದಿನವೇ ಅವನಿಗೆ ತಿಳಿಸಿ.

ತಾಯಿಯನ್ನು ಬೇರೆಯಾಗಿ ಕೂರಿಸಿಕೊಂಡು ಮಾತಾಡಿ. ‘ಬೈಯದಿದ್ದರೆ ಕೈತಪ್ಪುತ್ತಾನೆ, ಬೈದರೆ ದೂರವಾಗುತ್ತಾನೆ’ ಎಂಬ ಇಬ್ಬಂದಿಯಲ್ಲಿ ಅವರೂ ಇರುತ್ತಾರೆ. ಅವರಿಗೂ ಬುದ್ಧಿ ಹೇಳಬೇಡಿ. ‘ಕಳೆದ ವಾರ ಅವನ ಜೊತೆ ಜಗಳವಿಲ್ಲದೆ ಮಾತಾಡಿದ್ದು ಯಾವಾಗ, ಅಮ್ಮಾ?’ ಎಂದು ಕೇಳಿ. ಐದೇ ನಿಮಿಷದ ಮಾತು ನೆನಪಾದರೂ ಸಾಕು, ಆಗ ಏನು ಬೇರೆಯಾಗಿತ್ತು ಎಂದು ಅವರಿಂದಲೇ ಬಿಡಿಸಿ ಕೇಳಿ.