ಹುಡುಕಾಟದ ಕೂಲಿ: ಒಬ್ಬ ಗ್ಯಾರೇಜ್ ಉಸ್ತಾದರ ಪ್ರಕರಣ

ಕಲಬುರಗಿಯ ನನ್ನ ಆಪ್ತಸಲಹಾ ಕೊಠಡಿಗೆ ಬರುವ ದುಡಿಯುವ ಗಂಡಸರಲ್ಲಿ ಒಂದು ಬಗೆಯವರು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದಾರೆ. ಒಬ್ಬರು ಬೋರ್‌ವೆಲ್ ಮೋಟರಿನ ವೈಂಡಿಂಗ್ ಮಾಡುವವರು, ಇನ್ನೊಬ್ಬರು ಫ್ರಿಜ್ ರಿಪೇರಿಯವರು, ಮತ್ತೊಬ್ಬರು ಮೊಬೈಲ್ ಅಂಗಡಿಯವರು. ನಿದ್ರೆ ಬರುವುದಿಲ್ಲ, ಸಿಟ್ಟು ತಡೆಯಲಾಗುವುದಿಲ್ಲ ಎಂಬ ದೂರು ಹೊತ್ತು ಬರುವ ಇವರ ಮಾತು ಬಿಚ್ಚಿಕೊಳ್ಳುತ್ತ ಹೋದಂತೆ, ಕೆಲಸದ ನಡುವೆ ಎಲ್ಲೋ ಒಂದು ಕಡೆ ಸಿಕ್ಕಿಕೊಂಡ ನಾಚಿಕೆ ಹೊರಗೆ ಬರುತ್ತದೆ. ಅಂಥವರಲ್ಲಿ ಒಬ್ಬರು, ಒಬ್ಬ ಕಾರು ಮೆಕ್ಯಾನಿಕ್, ನನ್ನನ್ನು ಹೆಚ್ಚು ಕಾಡಿದರು. ಅವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ನಾನು ಕೊಟ್ಟ ಸಲಹೆಯನ್ನು ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ ಎಂಬುದೂ ಬರೆಯುವುದಕ್ಕೆ ಒಂದು ಕಾರಣ.

ವಯಸ್ಸು ನಲವತ್ತಾರು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಹೈದರಾಬಾದಿಗೆ ಹೋಗಿ, ಒಬ್ಬ ಉಸ್ತಾದರ ಕೈಕೆಳಗೆ ಅಂಬಾಸಡರ್, ಜೀಪು, ಮಾರುತಿ 800 ಗಾಡಿಗಳ ಮೇಲೆ ಕೈ ಪಳಗಿಸಿಕೊಂಡು ಬಂದವರು. ರಿಂಗ್ ರಸ್ತೆಯ ಬದಿಗೆ ತಗಡಿನ ಶೆಡ್ಡು, ನೆಲಕ್ಕೆ ಶಹಾಬಾದ್ ಕಲ್ಲು, ಎರಡು ಗಾಡಿ ನಿಲ್ಲುವಷ್ಟು ಜಾಗ. ಅವರನ್ನು ಕರೆತಂದವರು ಹೆಂಡತಿ. ಕೆಲಸ ಕಲಿಯಲು ಬಂದಿದ್ದ ಹತ್ತೊಂಬತ್ತು ವರ್ಷದ ಹುಡುಗನ ಕಡೆಗೆ ಇವರು ಪಾನಾ (ಸ್ಪ್ಯಾನರ್) ಬೀಸಿ ಒಗೆದಿದ್ದರು. ಅದು ಹುಡುಗನಿಗೆ ತಾಗದೆ ಅವನ ಕಾಲ ಬಳಿ ಬಿದ್ದು ನೆಲದ ಕಲ್ಲು ಒಡೆಯಿತು. ಹುಡುಗ ಕೈ ಒರೆಸಿಕೊಂಡು ಮನೆಗೆ ಹೋದವನು ತಿರುಗಿ ಬಂದಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಸಿಟ್ಟು ಬಂದಾಗ ಮಾಡಬೇಕಾದ ಉಸಿರಾಟದ ಅಭ್ಯಾಸವನ್ನು ಹೇಳಿಕೊಟ್ಟೆ. ಅವರು ವಿನಯದಿಂದಲೇ ಪೂರ್ತಿ ಕೇಳಿಸಿಕೊಂಡು, "ಮೇಡಂ, ನಾ ಉಸಿರು ಹಿಡದ್ರ ಗಾಡಿ ಚಾಲೂ ಆಗ್ತದೇನ್ರಿ?" ಎಂದರು. ಆ ಪ್ರಶ್ನೆಗೆ ನಕ್ಕು ಮುಂದಕ್ಕೆ ಹೋದದ್ದು ನನ್ನ ಎರಡನೆಯ ತಪ್ಪು. ಯಾವ ಗಾಡಿ ಎಂದು ನಾನು ಅಂದೇ ಕೇಳಬೇಕಾಗಿತ್ತು.

ಎರಡನೆಯ ಭೇಟಿಯಲ್ಲಿ ಕೇಳಿದೆ, ಮುಕ್ಕಾಲು ಗಂಟೆ ಆ ಗಾಡಿಯ ಕಥೆಯೇ ಆಯಿತು. ಏಪ್ರಿಲ್ ತಿಂಗಳಲ್ಲಿ ಒಬ್ಬ ನೌಕರರು ತಂದು ಬಿಟ್ಟ ಪೆಟ್ರೋಲ್ ಕಾರು ಅದು. ಬೆಳಿಗ್ಗೆ ಸರಿಯಾಗಿ ಓಡುತ್ತದೆ. ಮಧ್ಯಾಹ್ನ, ಬಿಸಿಲು ನಲವತ್ತೆರಡು ಡಿಗ್ರಿ ಮುಟ್ಟಿದ ಹೊತ್ತಿಗೆ, ಒಂದು ತಾಸು ಓಡಿದ ಮೇಲೆ ಇದ್ದಕ್ಕಿದ್ದ ಹಾಗೆ ಬಂದ್ ಆಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಚಾವಿ ತಿರುವಿದರೆ ಏನೂ ಆಗಿಲ್ಲವೆಂಬಂತೆ ಚಾಲೂ. ಇವರು ದಿನಾ ಮಧ್ಯಾಹ್ನ ಅದನ್ನು ಜೇವರ್ಗಿ ರಸ್ತೆಗೆ ಒಯ್ದು, ಭೀಮಾ ನದಿಯ ಸೇತುವೆಯ ತನಕ ಓಡಿಸಿ, ನಿಂತಲ್ಲಿ ಬಾನೆಟ್ ತೆರೆದು ಮೀಟರ್ ಹಿಡಿಯುತ್ತಿದ್ದರು. ಪಂಪಿಗೆ ಕರೆಂಟ್ ಬರುತ್ತಿದೆಯೇ, ಕಾಯಿಲ್ ಕಿಡಿ ಕೊಡುತ್ತಿದೆಯೇ ಎಂದು ಒಂದೊಂದಾಗಿ ನೋಡುವಷ್ಟರಲ್ಲಿ ಎಂಜಿನ್ ತಣಿದು ದೋಷ ಮಾಯವಾಗಿಬಿಡುತ್ತಿತ್ತು. ಇಂಧನದ ಪಂಪ್ ಬದಲಿಸಿದರು. ಆಮೇಲೆ ರಿಲೇ, ಕಾಯಿಲ್. ಕಡೆಗೆ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್. ಅದರೊಳಗಿನ ತಂತಿಯ ಸುರುಳಿ ಶಾಖಕ್ಕೆ ಸಂಪರ್ಕ ಕಡಿದುಕೊಂಡು ತಣಿದ ಮೇಲೆ ಮತ್ತೆ ಕೂಡಿಕೊಳ್ಳುವುದುಂಟಂತೆ. ಅದನ್ನು ಹಾಕಿದ ಮೇಲೆ ನಾಲ್ಕು ದಿನ ಗಾಡಿ ಎಲ್ಲಿಯೂ ನಿಲ್ಲಲಿಲ್ಲ, ಐದನೆಯ ದಿನ ಅದೇ ಸೇತುವೆಯ ಹತ್ತಿರ ನಿಂತಿತು.

ಬಿಡಿಭಾಗದ ಅಂಗಡಿಗಳಲ್ಲಿ ಇಲೆಕ್ಟ್ರಿಕಲ್ ಸಾಮಾನು ಒಮ್ಮೆ ಒಯ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ತಪ್ಪಾಗಿ ಹಾಕಿದ ಸಾಮಾನಿಗೆ ತಾನೇಕೆ ರೊಕ್ಕ ಕೊಡಬೇಕು ಎಂದು ಗಾಡಿಯ ಮಾಲೀಕರು ಕೇಳಿದರು. ಅವರ ಕಡೆಯಿಂದ ಅದು ನ್ಯಾಯವಾದ ಪ್ರಶ್ನೆಯೇ. ಹನ್ನೊಂದು ಸಾವಿರ ಚಿಲ್ಲರೆ ಇವರ ಕೈಯಿಂದ ಹೋಯಿತು. ಕೈಯಲ್ಲಿದ್ದ ಬೇರೆ ಕೆಲಸಗಳನ್ನು ಹಗಲು ಮುಗಿಸಿ, ರಾತ್ರಿ ಊಟ ಮಾಡಿ ಮತ್ತೆ ಗ್ಯಾರೇಜಿಗೆ ಹೋಗಿ, ನಡುರಾತ್ರಿ ದಾಟಿ ಒಂದು ಗಂಟೆಯವರೆಗೆ ಅದೇ ಗಾಡಿಯ ವೈರುಗಳ ಜೊತೆ ಕೂರುತ್ತಿದ್ದರು. ಪಾನಾ ಒಗೆದದ್ದು ಅಂಥ ಒಂದು ರಾತ್ರಿಯ ಮರುದಿನ, ಹುಡುಗ "ಉಸ್ತಾದ್, ಕಂಪನಿಯವರ ಕಡೆ ಕಳಿಸಿಬಿಡೂಣೇನ್ರಿ?" ಎಂದು ಕೇಳಿದ್ದಕ್ಕೆ.

ಈ ಕಸುಬಿನ ಒಳಗೆ ಏನಾಗಿದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇವರ ಉಸ್ತಾದರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಸದ್ದು ಟ್ಯಾಪೆಟ್ಟಿನದೋ ಬೇರಿಂಗಿನದೋ ಎಂದು ಹೇಳುತ್ತಿದ್ದರಂತೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ಹಳೆಯ ಗಾಡಿ ತನ್ನ ರೋಗವನ್ನು ಸದ್ದಿನಲ್ಲಿ, ಹೊಗೆಯ ಬಣ್ಣದಲ್ಲಿ, ಪೆಟ್ರೋಲಿನ ವಾಸನೆಯಲ್ಲಿ ತಾನೇ ಹೇಳುತ್ತಿತ್ತು. ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು, ಅಂಬಾಸಡರ್ ಕೂಡ ಅದೇ ವರ್ಷ ಮುಗಿಯಿತು. 2020ರ ಏಪ್ರಿಲ್ 1ರಿಂದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ದ್ವಿಚಕ್ರ ವಾಹನಗಳಿಗೂ, ಕಂಪ್ಯೂಟರಿನ ಅಳತೆಯಲ್ಲಿ ಪೆಟ್ರೋಲ್ ಸಿಂಪಡಿಸುವ ಫ್ಯುಯೆಲ್ ಇಂಜೆಕ್ಷನ್ ಬಂದಿತು. ಈಗಿನ ಗಾಡಿ ಮಾತಾಡುವುದು ಅದರ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರಿನ ಜೊತೆ. ಇವರೂ ಸಾಲ ಮಾಡಿ ಒಂದು ಸ್ಕ್ಯಾನರ್ ಕೊಂಡಿದ್ದಾರೆ. ಸ್ಕ್ಯಾನರ್ ಇದ್ದಮೇಲೆ ದೋಷ ಕೂಡಲೇ ತಿಳಿಯಬೇಕಲ್ಲ ಎಂದು ನಾನು ದಡ್ಡತನದಿಂದ ಕೇಳಿದಾಗ ಅವರು ಕೊಟ್ಟ ಉತ್ತರವನ್ನು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ: "ಕೋಡ್ ಅಂದ್ರ ಮನಿ ನಂಬರ್ ಅಲ್ರಿ ಮೇಡಂ, ಓಣಿ ಹೆಸರು. ಪಿ0300 ಅಂತ ತೋರಸ್ತದ, ಮಿಸ್‌ಫೈರ್ ಆಗ್ಯದ ಅಂತ. ಪ್ಲಗ್ಗೋ, ಕಾಯಿಲ್ಲೋ, ಇಂಜೆಕ್ಟರ್ರೋ, ಎಲ್ಲರ ಹವಾ ಎಳೀಲಿಕ್ಕತ್ತದೋ, ಅದು ಹೇಳಂಗಿಲ್ಲ. ಓಣ್ಯಾಗಿನ ಎಲ್ಲಾ ಬಾಗಲಾ ನಾವೇ ಬಡೀಬೇಕು." ಈ ಕಾರಿನಲ್ಲಂತೂ ಯಾವ ಕೋಡೂ ದಾಖಲಾಗಿರಲಿಲ್ಲ. ಓಣಿಯ ಹೆಸರೂ ಇಲ್ಲದೆ ಊರೆಲ್ಲ ಹುಡುಕಿದ್ದರು.

ಅವರನ್ನು ನಾನು ಒಬ್ಬ ವೈದ್ಯರ ಬಳಿಗೂ ಕಳಿಸಿದ್ದೆ. ನಿದ್ರೆಗೆಟ್ಟವರ ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ನೋಡಿಸದೆ ಮನಸ್ಸಿನ ಮಾತಿಗೆ ಕೈ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಮೂರನೆಯ ಭೇಟಿಗೆ ಅವರು ಲ್ಯಾಬಿನ ವರದಿ ಹಿಡಿದು ಬಂದು, ಮೇಜಿನ ಮೇಲಿಟ್ಟು, "ಏನೂ ಸಿಕ್ಕಿಲ್ರಿ" ಎಂದರು. ಗಾಡಿಯ ಬಗ್ಗೆ ಹೇಳುವಾಗಲೂ ಅವರು ಬಳಸುತ್ತಿದ್ದುದು ಅದೇ ಮಾತು. ಯಾವ ಯೋಜನೆಯೂ ಇಲ್ಲದೆ ನನ್ನ ಬಾಯಿಂದ ಪ್ರಶ್ನೆ ಬಂದಿತು: "ಏನೂ ಸಿಗಲಿಲ್ಲವೆಂದು ಲ್ಯಾಬಿನವರು ನಿಮ್ಮ ರೊಕ್ಕ ವಾಪಸ್ ಕೊಟ್ಟರೇ?"

ಅವರು ನಕ್ಕರು. ನಗು ನಿಂತ ಮೇಲೆ ನನ್ನನ್ನು ನೇರವಾಗಿ ನೋಡಿ ಕೇಳಿದರು: "ಮತ್ತ ನೀವು? ನನಗ ಏನಾಗ್ಯದ ಅಂತ ನಿಮಗ ಸಿಗಲೇ ಇಲ್ಲಂದ್ರೂ ಫೀಸು ತೊಗೋತೀರೇನು?"

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಹೊತ್ತು ಕಳೆಯುವ ಉತ್ತರವೊಂದನ್ನು ಕೊಡಬಹುದಾಗಿತ್ತು. ನಮ್ಮ ತರಬೇತಿಯೇ ಅಂಥದ್ದು, ಪ್ರಶ್ನೆಯನ್ನು ಕೇಳಿದವರ ಕಡೆಗೇ ತಿರುಗಿಸುವುದು. ಆದರೆ ಅವರು ಕೇಳಿದ್ದು ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರಳನ್ನು ಕೇಳುವ ಪ್ರಶ್ನೆಯಾಗಿತ್ತು. ಹೌದು, ತೆಗೆದುಕೊಳ್ಳುತ್ತೇನೆ ಎಂದೆ. ನಿಮ್ಮ ಜೊತೆ ಕುಳಿತ ತಾಸಿಗೆ, ನನ್ನ ಓದಿಗೆ, ಗಮನಕ್ಕೆ ಅದು ಕೂಲಿ. ಸಿಗದಿದ್ದರೆ ಸಿಗಲಿಲ್ಲವೆಂದು ಹೇಳಿ, ಬಲ್ಲವರ ಹತ್ತಿರ ಕಳಿಸುತ್ತೇನೆ ಎಂದೂ ಸೇರಿಸಿದೆ. ಹೇಳುವಾಗ ನನ್ನ ದನಿಯಲ್ಲಿ ಸಮರ್ಥನೆಯ ಗಡಸು ಇತ್ತೆಂಬುದು ನನಗೇ ಕೇಳಿಸಿತು.

"ಅದು ಲೂಟಿ ಅಲ್ಲೇನ್ರಿ?" ಎಂದರು. ಅವಮಾನಿಸುವ ಮಾತು ಅದಾಗಿರಲಿಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು ಅವರಿಗೆ. "ನಾ ಹಂಗ ತೊಗೊಂಡ್ರ ಕಳ್ಳ ಅಂತಾರ."

"ಯಾರು ಅನ್ನುತ್ತಾರೆ?"

ಗಿರಾಕಿಗಳು ಎನ್ನಬಹುದೆಂದು ನಾನು ನಿರೀಕ್ಷಿಸಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದೇ ಬಿಡುವ ಗ್ರೀಸಿನ ಗೆರೆಯನ್ನು ನೋಡಿಕೊಳ್ಳುತ್ತ, "ನಮ್ಮ ಉಸ್ತಾದ" ಎಂದರು. ಉಸ್ತಾದರು ತೀರಿಹೋಗಿ ಹದಿನಾರು ವರ್ಷವಾಗಿತ್ತು. ಅವರದೊಂದು ಮಾತಿತ್ತಂತೆ: ಗಾಡಿ ಎದ್ದರ ರೊಕ್ಕ, ಇಲ್ಲಂದ್ರ ಸಲಾಂ. ಇವರು ಸ್ವಂತ ಗ್ಯಾರೇಜ್ ಹಾಕಿದಂದಿನಿಂದ ಆ ಮಾತನ್ನು ಒಂದು ದಿನವೂ ಮೀರಿದವರಲ್ಲ. ಸಾಮಾನಿಗೆ ರೊಕ್ಕ ತೆಗೆದುಕೊಂಡಿದ್ದರು, ಅದನ್ನು ಕೂಡಿಸಿದ್ದಕ್ಕೆ ತೆಗೆದುಕೊಂಡಿದ್ದರು, ಹುಡುಕಿದ್ದಕ್ಕೆ ಒಂದು ರೂಪಾಯಿಯೂ ಇಲ್ಲ. ಯಾಕೆಂದರೆ ಉಸ್ತಾದ ಅನ್ನಿಸಿಕೊಂಡವನಿಗೆ ಹುಡುಕಬೇಕಾಗಿ ಬರುವುದೇ ಕಡಿಮೆತನ. ಹಗಲು ಜನರೆದುರು ಹುಡುಕಲು ನಾಚಿಕೆಯಾಗಿ ರಾತ್ರಿ ಹುಡುಕುತ್ತಿದ್ದರು.

ನಾನು ಕೇಳಿದೆ: "ಈ ಕಾರು ನಿಮ್ಮ ಉಸ್ತಾದರ ಕೈಗೆ ಬಂದಿದ್ದರೆ ಅವರಿಗೆ ಸಿಗುತ್ತಿತ್ತೇ?" ಮೊದಲು ಸಿಟ್ಟಾದರು. ಸತ್ತವರನ್ನು ಪರೀಕ್ಷೆಗೆ ಎಳೆಯಬಾರದು ಎಂದರು. ಆಮೇಲೆ ಆ ಕಾರಿನ ಎಂಜಿನ್ ಕೋಣೆಯನ್ನು ಮನಸ್ಸಿನಲ್ಲೇ ತೆರೆದು ನೋಡುತ್ತಿರುವವರಂತೆ ಕಣ್ಣು ಸಣ್ಣ ಮಾಡಿ, ವೈರಿನ ಕಟ್ಟುಗಳನ್ನು, ಕನೆಕ್ಟರುಗಳನ್ನು ಬೆರಳಿನಲ್ಲಿ ಎಣಿಸಿದರು. "ಸಿಗ್ತಿದ್ದಿಲ್ರಿ. ಇದಕ್ಕ ಸಪ್ಪಳನೇ ಇಲ್ಲ. ಅವರು ಕಿವಿ ಎಲ್ಲಿ ಹಚ್ಚತಿದ್ರು?" ಆ ದಿನ ಅದಕ್ಕಿಂತ ಹೆಚ್ಚೇನೂ ಮಾತಾಗಲಿಲ್ಲ.

ಮುಂದಿನ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ಬಹಳ ಸಾದಾ ಆಗಿತ್ತು. ಗಾಡಿ ಒಳಗೆ ತೆಗೆದುಕೊಳ್ಳುವಾಗಲೇ ಹುಡುಕುವ ಕೂಲಿ ಬೇರೆ, ರಿಪೇರಿಯ ಕೂಲಿ ಬೇರೆ ಎಂದು ಗಿರಾಕಿಗೆ ಹೇಳಿ, ಒಂದು ವಹಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ಇಂತಿಷ್ಟು ತಾಸು ಎಂದು ಮೊದಲೇ ಗೊತ್ತು ಮಾಡಿಕೊಂಡು, ಅಷ್ಟರೊಳಗೆ ಸಿಗದಿದ್ದರೆ ಫೋನ್ ಮಾಡಿ ಕೇಳಬೇಕು. ಕೇಳದೆ ಒಂದು ಸಾಮಾನೂ ಬದಲಿಸಬಾರದು. ಸಂಜೆ ಶೆಟರ್ ಇಳಿಸಿದ ಮೇಲೆ ಹುಡುಕಾಟ ಇಲ್ಲ. ಸಿಗದೇ ಹೋದದ್ದನ್ನು ಆಟೋ ಇಲೆಕ್ಟ್ರಿಷಿಯನ್ ಕಡೆ ಕಳಿಸುವುದು ಸೋಲೆಂದು ಎಣಿಸಬಾರದು. ರಾತ್ರಿ ನಿದ್ರೆ ಬಾರದೆ ತಳಮಳ ಹೆಚ್ಚಾದರೆ 14416 ಸಂಖ್ಯೆಗೆ ಕರೆ ಮಾಡಬೇಕು. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ, ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತಾಡಬಹುದು, ಖರ್ಚಿಲ್ಲ. ಕೊನೆಯದು ಹುಡುಗನ ಮನೆಗೆ ಹೋಗುವುದು. ಅವನನ್ನು ಕೆಲಸಕ್ಕೆ ಕರೆಯಲೆಂದು ಹೋಗಬಾರದು, ತಪ್ಪಾಯಿತು ಎಂದು ಹೇಳಿ ಬರಬೇಕು. ಕೆಲಸದ ಕಷ್ಟ ಎಷ್ಟೇ ಇರಲಿ, ಒಗೆದ ಪಾನಾಕ್ಕೆ ಅದು ಕಾರಣ ಆಗಬಹುದೇ ಹೊರತು ಮಾಫಿ ಆಗಲಾರದು ಎಂಬುದನ್ನು ಮೆತ್ತಗೆ ಮಾಡದೆ ಹೇಳಿದೆ.

ಇದು ಆಪ್ತಸಲಹೆಯೇ ಅಲ್ಲ, ಅಂಗಡಿ ನಡೆಸುವ ಪಾಠ ಎಂಬುದು ನನ್ನ ಸಹೋದ್ಯೋಗಿಯ ಆಕ್ಷೇಪ. ಗುರುವಿನ ಜೊತೆಗಿನ ಆ ಸಂಬಂಧವನ್ನು ಇನ್ನೂ ಆಳಕ್ಕೆ ಇಳಿದು ನೋಡಬೇಕಿತ್ತು, ವಹಿಯ ಮಾತು ಎತ್ತಿ ನಾನು ಅದನ್ನು ಮುಚ್ಚಿಬಿಟ್ಟೆ ಎಂದು ಅವರು ಹೇಳುತ್ತಾರೆ. ಅದರಲ್ಲಿ ಸತ್ಯ ಇಲ್ಲದಿಲ್ಲ. ಆದರೂ ನನ್ನ ನಿಲುವು ಬದಲಾಗಿಲ್ಲ. ನಾಚಿಕೆ ಎಲ್ಲಿ ಹುಟ್ಟಿತೆಂದು ತಿಳಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಮತ್ತೊಂದು ಗಾಡಿ ಬಂದು ನಿಲ್ಲುತ್ತದೆ, ಗಿರಾಕಿ ಎಷ್ಟು ಹೊತ್ತಿಗೆ ಕೊಡುತ್ತೀರಿ ಎನ್ನುತ್ತಾನೆ, ಆಗ ಆಡಲು ಅವರ ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿರಬೇಕು. "ಹುಡುಕಲಿಕ್ಕೆ ಎರಡು ತಾಸು, ಅದಕ್ಕೆ ಇಷ್ಟು" ಎಂಬ ಆ ವಾಕ್ಯವನ್ನು ನಾವು ಕೊಠಡಿಯಲ್ಲಿ ಏಳೆಂಟು ಸಲ ಆಡಿ ನೋಡಿದೆವು. ಮೊದಲ ಮೂರು ಸಲ ಅವರಿಗೆ ರೊಕ್ಕದ ಅಂಕಿ ಹೇಳಲಾಗಲಿಲ್ಲ. ಸಂಬಳದ ಕೆಲಸದಲ್ಲಿರುವ ನಾವು ಇದನ್ನು ಸಣ್ಣ ವಿಷಯವೆಂದುಕೊಳ್ಳುತ್ತೇವೆ. ಕಡತ ಹುಡುಕಿದ ದಿನಕ್ಕೂ, ಅದು ಸಿಗದ ದಿನಕ್ಕೂ ನಮಗೆ ಸಂಬಳ ಒಂದೇ.

ಗಾಡಿ ಇಟ್ಟುಕೊಂಡಿರುವ ಓದುಗರಿಗೂ ಒಂದು ಮಾತು. ಹುಡುಕುವುದಕ್ಕೆ ರೊಕ್ಕ ಕೊಡದ ಗಿರಾಕಿ ಕಡೆಗೆ ಅದನ್ನು ಬೇಡದ ಸಾಮಾನಿನ ರೂಪದಲ್ಲಿ ಕೊಡುತ್ತಾನೆ. ಮೆಕ್ಯಾನಿಕ್ ಪ್ರಾಮಾಣಿಕನಾಗಿದ್ದರೆ ಆ ಸಾಮಾನಿನ ಹೊರೆ ಅವನ ಮನೆಯ ಮೇಲೆ ಬೀಳುತ್ತದೆ, ಅವನ ನಿದ್ರೆಯ ಮೇಲೆ ಬೀಳುತ್ತದೆ. ನಿಮ್ಮ ಗಾಡಿ ಯಾವ ಹೊತ್ತಿನಲ್ಲಿ, ಎಷ್ಟು ದೂರ ಓಡಿದ ಮೇಲೆ, ಎಸಿ ಹಾಕಿದ್ದಾಗಲೋ ಇಲ್ಲದಾಗಲೋ ನಿಂತಿತೆಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅವನ ಅರ್ಧ ದಿನ ಉಳಿಯುತ್ತದೆ. ಡಾಕ್ಟರ ಮುಂದೆ ಜ್ವರ ಯಾವಾಗ ಬಂದಿತೆಂದು ಹೇಳುತ್ತೇವಲ್ಲ, ಹಾಗೆ.

ಆ ಕಾರನ್ನು ಮಾಲೀಕರು ಜೂನ್ ತಿಂಗಳಲ್ಲಿ ಒಯ್ದರು. ಅದರ ದೋಷ ಏನಾಗಿತ್ತೆಂಬುದು ಇವರಿಗೆ ಇವತ್ತಿಗೂ ತಿಳಿದಿಲ್ಲ, ಮಳೆ ಬಿದ್ದು ಹವಾ ತಂಪಾದ ಮೇಲೆ ಅದು ನಿಲ್ಲುವುದನ್ನೇ ಬಿಟ್ಟಿರಬಹುದು ಎನ್ನುತ್ತಾರೆ. ಕೊನೆಯ ಭೇಟಿಗೆ ವಹಿ ತಂದಿದ್ದರು. ಮೂರು ನಮೂದುಗಳಿದ್ದವು. ಒಂದರಲ್ಲಿ "ಹುಡುಕಿದ್ದು 2 ತಾಸು, ಸಿಕ್ಕಿಲ್ಲ, 400" ಎಂದು ಬರೆದು, 400ನ್ನು ಹೊಡೆದು 300 ಮಾಡಿದ್ದರು. ಗಿರಾಕಿ ಚೌಕಾಸಿ ಮಾಡಿದನೇ ಎಂದರೆ, ಇಲ್ಲ, ತಾನೇ ಬಿಟ್ಟೆ ಎಂದರು.

ಹುಡುಗನ ಮನೆಗೂ ಹೋಗಿದ್ದರು. ತಾಯಿ ಕೂರಿಸಿ ಚಹಾ ಕೊಟ್ಟಳು. ಹುಡುಗ ಒಳಗಿನ ಕೋಣೆಯಲ್ಲಿದ್ದ, ಹೊರಗೆ ಬರಲಿಲ್ಲ. ಇವರು ಬಾಗಿಲಿನ ಈಚೆಯಿಂದಲೇ ಹೇಳಬೇಕಾದದ್ದನ್ನು ಹೇಳಿ, ಚಹಾ ಮುಗಿಸಿ ಬಂದರು. ಒಡೆದ ಕಲ್ಲನ್ನು ಇನ್ನೂ ಬದಲಿಸಿಲ್ಲವಂತೆ.