ಎಸ್‌ಎಸ್‌ಡಿ ಹಾಕಿದರೂ ವಿಎಂ ನಿಧಾನವೇಕೆ?

ಪ್ರಶ್ನೆ: ಉಡುಪಿಯ ನಮ್ಮ ಕಚೇರಿಯ ಡೇಟಾಬೇಸ್, ಇಎಸ್‌ಎಕ್ಸ್‌ಐ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರುಗಳನ್ನು ನಡೆಸುವ ವಿಎಂವೇರ್‌ನ ತಂತ್ರಾಂಶ, ಅಂದರೆ ಹೈಪರ್‌ವೈಸರ್) ಸರ್ವರಿನ ಒಂದು ವಿಂಡೋಸ್ ವಿಎಂನಲ್ಲಿ, ಅಂದರೆ ವರ್ಚುವಲ್ ಕಂಪ್ಯೂಟರಿನಲ್ಲಿ, ಇದೆ. ಸ್ಟೋರೇಜನ್ನು ಎಸ್‌ಎಸ್‌ಡಿಗೆ ಬದಲಿಸಿದರೂ ಸಂಜೆ ಲೆಕ್ಕ ಮುಗಿಸುವ ಹೊತ್ತಿಗೆ ಎಲ್ಲವೂ ನಿಧಾನವಾಗುತ್ತದೆ. ಕ್ಯೂ ಡೆಪ್ತ್, ಅಂದರೆ ಡಿಸ್ಕಿಗೆ ಏಕಕಾಲಕ್ಕೆ ಕಳಿಸಬಹುದಾದ ಓದು-ಬರಹದ ಕೋರಿಕೆಗಳ ಮಿತಿ, ಹೆಚ್ಚಿಸಿದರೆ ಸರಿಹೋದೀತೇ? ನಾಲ್ಕು ಡಿಸ್ಕ್‌ಗಳೂ ಒಂದೇ ಎಲ್‌ಎಸ್‌ಐ ಲಾಜಿಕ್ ಎಸ್‌ಎಎಸ್ ಕಂಟ್ರೋಲರಿನಲ್ಲಿವೆ (ವಿಎಂಗೆ ಡಿಸ್ಕ್‌ಗಳನ್ನು ಜೋಡಿಸುವ ವರ್ಚುವಲ್ ಸಾಧನ).

ಉತ್ತರ: ಹೆಚ್ಚಿಸುವ ಮೊದಲು ಕೋರಿಕೆಗಳು ಎಲ್ಲಿ ಕಾಯುತ್ತಿವೆ ಎಂಬುದನ್ನು ಅಳೆಯಬೇಕು. ಮಲ್ಪೆಯ ದಕ್ಕೆಯಲ್ಲಿ ಮೀನು ಇಳಿಸುವ ಜಾಗ ತುಂಬಿರುವಾಗ ಇನ್ನಷ್ಟು ಬೋಟುಗಳನ್ನು ಅಳಿವೆಯೊಳಗೆ ಬಿಟ್ಟರೆ ಮೀನು ಬೇಗ ಇಳಿಯುವುದಿಲ್ಲ; ಸ್ಟೋರೇಜೇ ದಣಿದಿದ್ದರೆ ಕ್ಯೂ ದೊಡ್ಡದು ಮಾಡುವುದರಿಂದ ಕಾಯುವ ಸಮಯ ಮಾತ್ರ ಬೆಳೆಯುತ್ತದೆ. ಏಕಕಾಲಕ್ಕೆ 32 ಕೋರಿಕೆಗಳಿಗೆ ಅವಕಾಶವಿದ್ದು, ಪ್ರತಿಯೊಂದಕ್ಕೂ 1 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ 32,000 ಕೋರಿಕೆಗಳು ಮುಗಿಯುತ್ತವೆ. 5 ಮಿಲಿಸೆಕೆಂಡ್ ಹಿಡಿದರೆ 6,400 ಮಾತ್ರ.

ಸಂಜೆಯ ಹೊತ್ತಿಗೇ ಇಎಸ್‌ಎಕ್ಸ್‌ಟಾಪ್ (ಇಎಸ್‌ಎಕ್ಸ್‌ಐನ ಕಾರ್ಯಕ್ಷಮತೆ ತೋರಿಸುವ ಉಪಕರಣ) ತೆರೆದು ನೋಡಿ. ಡಿಎವಿಜಿ ಸ್ಟೋರೇಜ್ ಕಡೆಯ ವಿಳಂಬವನ್ನೂ, ಕೆಎವಿಜಿ ಹೈಪರ್‌ವೈಸರಿನೊಳಗಿನ ವಿಳಂಬವನ್ನೂ ತೋರಿಸುತ್ತವೆ. ಕೆಎವಿಜಿ ಸೊನ್ನೆಯ ಆಸುಪಾಸಿನಲ್ಲಿರಬೇಕು. ಒಂದೇ ಎಲ್‌ಯುಎನ್ (ಸ್ಟೋರೇಜ್ ಸರ್ವರಿಗೆ ಒಂದು ಡಿಸ್ಕ್‌ನಂತೆ ಕೊಡುವ ಭಾಗ) ಮೇಲೆ ಹಲವು ವಿಎಂಗಳು ಚುರುಕಾಗಿದ್ದಾಗ ಹೈಪರ್‌ವೈಸರ್ ತಾನೇ ಹಾಕುವ ಮಿತಿಯೂ ಸಾಮಾನ್ಯವಾಗಿ 32 ಆಗಿರುವುದರಿಂದ, ಕೆಎವಿಜಿ ಏರಿದ್ದರೆ ಅದನ್ನು ಪರಿಶೀಲಿಸಿ. ಡಿಎವಿಜಿ, ಕೆಎವಿಜಿ ಎರಡೂ ಕಡಿಮೆಯಿದ್ದು, ವಿಂಡೋಸ್‌ನ ಪರ್ಫಾರ್ಮೆನ್ಸ್ ಮಾನಿಟರಿನಲ್ಲಿ ಮಾತ್ರ ವಿಳಂಬ ಹೆಚ್ಚು ಕಂಡರೆ, ಸಾಲು ವಿಎಂನೊಳಗೇ ನಿಂತಿದೆ ಎಂದರ್ಥ. ಬಹಳ ಜನ ಎಡವುವುದು ಇಲ್ಲಿಯೇ, ಏಕೆಂದರೆ ಹೊರಗಿನ ಅಂಕಿಗಳೆಲ್ಲ ಆರೋಗ್ಯವಾಗಿಯೇ ಕಾಣುತ್ತವೆ.

ನಿಮ್ಮ ವಿವರ ಓದಿದರೆ ನನಗೆ ಸಂಶಯ ಬರುವುದು ಎಲ್‌ಎಸ್‌ಐ ಕಂಟ್ರೋಲರಿನ ಮೇಲೆಯೇ. ಅದರಲ್ಲಿ ಒಂದು ಡಿಸ್ಕಿಗೆ 32, ಇಡೀ ಕಂಟ್ರೋಲರಿಗೆ 128 ಎಂಬ ಮಿತಿಯಿದೆ. ವಿಎಂಗಳಿಗೆಂದೇ ರೂಪಿಸಿದ ವಿಎಂವೇರ್‌ನ ಪಿವಿಸ್ಕಸಿ ಎಂಬ ಇನ್ನೊಂದು ಬಗೆಯ ಕಂಟ್ರೋಲರಿನಲ್ಲಿ ಡಿಸ್ಕಿಗೆ ಮೊದಲೇ 64 ಇದ್ದು, 254ರವರೆಗೆ ಏರಿಸಬಹುದು. ಒಂದು ವಿಎಂಗೆ ಇಂಥ ನಾಲ್ಕು ಸ್ಕಸಿ ಕಂಟ್ರೋಲರುಗಳನ್ನು ಕೊಡಬಹುದಾದ್ದರಿಂದ ಡೇಟಾ ಡಿಸ್ಕ್, ಲಾಗ್ ಡಿಸ್ಕ್‌ಗಳನ್ನು ಬೇರೆ ಬೇರೆ ಪಿವಿಸ್ಕಸಿ ಕಂಟ್ರೋಲರುಗಳಿಗೆ ಹಂಚಿ, 64ರಲ್ಲಿಯೇ ಒಂದು ವಾರ ಗಮನಿಸಿ. ಸಾಲದಿದ್ದರೆ ಮಾತ್ರ 254ರ ಯೋಚನೆ ಮಾಡಿ.

ಬೂಟ್ ಡಿಸ್ಕನ್ನು ಅವಸರದಲ್ಲಿ ಬದಲಿಸಬೇಡಿ. ಪಿವಿಸ್ಕಸಿ ಡ್ರೈವರ್ ಇಲ್ಲದಿದ್ದರೆ ವಿಂಡೋಸ್ ಏಳುವುದೇ ಇಲ್ಲ. ಮೊದಲು ಬ್ಯಾಕಪ್ ತೆಗೆದು, ಹೊಸ ಕಂಟ್ರೋಲರಿಗೆ ಸಣ್ಣದೊಂದು ತಾತ್ಕಾಲಿಕ ಡಿಸ್ಕ್ ಜೋಡಿಸಿ, ಅದು ವಿಂಡೋಸ್‌ನಲ್ಲಿ ಕಾಣಿಸಿಕೊಂಡ ನಂತರವೇ ಉಳಿದವನ್ನು ವರ್ಗಾಯಿಸಿ.